ಬೇಸಿಗೆಯಲ್ಲಿ ಟೈರ್‌ಗೆ ಹವಾ ಎಷ್ಟು, ಗಾಲಿಯ ನಟ್‌ಗೆ ಬಿಗಿ ಎಷ್ಟು?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವಳು. ವಿಜಯಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ವಾರಕ್ಕೆರಡು ಸಲ ನಾನೇ ಕಾರು ಓಡಿಸಿಕೊಂಡು ಹೋಗಿ ಬರುತ್ತೇನೆ. ಏಳು ವರ್ಷದ ಸಣ್ಣ ಕಾರು, 38 ಸಾವಿರ ಕಿ.ಮೀ. ಓಡಿದೆ. ಟೈರ್‌ಗಳು ಕಾರಿನ ಜೊತೆಗೇ ಬಂದವು. ಕಳೆದ ಏಪ್ರಿಲ್‌ನಲ್ಲಿ ಕೊಲ್ಹಾರದ ಹತ್ತಿರ ಹಿಂದಿನ ಎಡಗಾಲಿ ಪಂಕ್ಚರ್ ಆಯಿತು. ಕಾರನ್ನು ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಜಾಕ್ ಏರಿಸಿ ನಟ್ ಬಿಚ್ಚಲು ಹೋದೆ. ಜಾಕ್ ವಾಲಿ ಕಾರು ದಡಕ್ಕನೆ ಕೂತಿತು. ಆಮೇಲೆ ದಾರಿಯಲ್ಲಿ ಹೋಗುತ್ತಿದ್ದ ಹುಡುಗರಿಬ್ಬರು ಬಂದು, ಪಾನಾ ಮೇಲೆ ನಿಂತು ಬಿಚ್ಚಿ, ಸ್ಟೆಪ್ನಿ ಹಾಕಿ, ಮತ್ತೆ ಪಾನಾ ಮೇಲೆ ನಿಂತೇ ಬಿಗಿ ಮಾಡಿಕೊಟ್ಟರು. ಈಗ ಮನೆಯಲ್ಲಿ ಜಗಳ. ಬೇಸಿಗೆಯಲ್ಲಿ ಹವಾ ಹಿಗ್ಗುತ್ತದೆ, 28ಕ್ಕಿಂತ ಹೆಚ್ಚು ಹಾಕಿಸಬೇಡ ಎಂದು ಮಾವನವರು ಹೇಳುತ್ತಾರೆ. ಟೈರ್ ಮೇಲೆ 44 ಎಂದು ಬರೆದಿದೆ, 40 ಹಾಕಿಸಿ ಎಂದು ಪಂಕ್ಚರ್ ಅಂಗಡಿಯವನು ಹೇಳುತ್ತಾನೆ. ಯಾರ ಮಾತು ಕೇಳಲಿ? ಜಾಕ್ ಯಾಕೆ ವಾಲಿತು? ಟೈರ್‌ನ ಗೀರುಗಳು ಇನ್ನೂ ಆಳವಾಗಿವೆ, ಬದಲಿಸುವುದು ದಂಡವಲ್ಲವೇ?

ಉತ್ತರ: ಮೇಡಂ, ನೀವು ಕೇಳಿದ್ದು ಮೂರು ಪ್ರಶ್ನೆ. ಕೇಳದೆ ಬಿಟ್ಟ ನಾಲ್ಕನೆಯದೊಂದಿದೆ: ಆ ಹುಡುಗರು ಪಾನಾ ಮೇಲೆ ನಿಂತು ಬಿಗಿ ಮಾಡಿದ ನಟ್‌ಗಳು ಈಗ ಹೇಗಿವೆ? ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಟೈರ್ ಮತ್ತು ಅಲೈನ್‌ಮೆಂಟ್ (ಗಾಲಿಗಳ ನೇರ ಸರಿಪಡಿಸುವ) ಕೆಲಸ ಮಾಡಿದವನಿಗೆ ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಆ ಸಾಲೇ. ಅದಕ್ಕೆ ಬರುತ್ತೇನೆ. ಮೊದಲು ಮನೆಯ ಜಗಳ ಬಗೆಹರಿಸೋಣ.

ಮಾವನವರೂ ತಪ್ಪು, ಅಂಗಡಿಯವನೂ ತಪ್ಪು. ಸರಿಯಾದ ಅಂಕಿ ನಿಮ್ಮ ಕಾರಿನಲ್ಲೇ ಇದೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಮೈಯಲ್ಲಿರುತ್ತದೆ. ಇಬ್ಬರು ಮೂವರು ಕೂತಾಗ ಎಷ್ಟು, ಐದು ಜನ ಮತ್ತು ಸಾಮಾನು ತುಂಬಿದಾಗ ಎಷ್ಟು, ಮುಂದಿನ ಗಾಲಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ (ಹವಾದ ಒತ್ತಡದ ಅಳತೆ) ಒಳಗೆ ಬರುತ್ತದೆ. ಟೈರ್‌ನ ಪಕ್ಕೆಯ ಮೇಲಿರುವ 44 ಎಂಬುದು ಆ ಟೈರ್ ತಡೆಯಬಲ್ಲ ಗರಿಷ್ಠ ಒತ್ತಡ. ಅದು ಟೈರ್ ಮಾಡಿದವರ ಮಾತು. ಅದೇ ಟೈರ್ ನಾಲ್ಕು ಬೇರೆ ಬೇರೆ ತೂಕದ ಕಾರುಗಳಿಗೆ ಹೋಗುತ್ತದೆ, ನಿಮ್ಮ ಕಾರಿನ ತೂಕ ಅದಕ್ಕೇನು ಗೊತ್ತು?

ಮಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹವಾ ಹಿಗ್ಗುವುದು ನಿಜ. ಆದರೆ ಸ್ಟಿಕ್ಕರ್ ಮೇಲಿನ ಅಂಕಿಯನ್ನು ಬರೆದವರು ಆ ಹಿಗ್ಗುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ಬರೆದಿದ್ದಾರೆ. ಅದು ತಣ್ಣಗಿನ ಟೈರ್‌ನ ಅಂಕಿ. ಬೆಳಗಿನ ಆರು ಗಂಟೆಗೆ, 25 ಡಿಗ್ರಿ ಇರುವಾಗ, ನೀವು 32 ಹಾಕಿದಿರಿ ಎನ್ನಿ. ಮಧ್ಯಾಹ್ನ ವಿಜಯಪುರದ ಬಿಸಿಲಿನಲ್ಲಿ ಓಡಿ ಟೈರ್ ಒಳಗಿನ ಹವಾ 55 ಡಿಗ್ರಿಗೆ ಏರಿದರೆ ಗೇಜ್ ಸುಮಾರು 37 ತೋರಿಸುತ್ತದೆ. ಇದು ಸಹಜ, ಗಾಬರಿಯಾಗುವ ಮಾತಲ್ಲ. ಆಗ ಯಾರಾದರೂ ‘ಹೆಚ್ಚಾಗಿದೆ’ ಎಂದು 30ಕ್ಕೆ ಇಳಿಸಿದರೋ, ಮರುದಿನ ಬೆಳಿಗ್ಗೆ ಅದೇ ಟೈರ್‌ನಲ್ಲಿ ಉಳಿಯುವುದು 26 ಮಾತ್ರ. ಬೇಸಿಗೆಯಲ್ಲಿ ಟೈರ್ ಒಡೆಯುವ ದಾರಿ ಶುರುವಾಗುವುದು ಇಲ್ಲಿಂದಲೇ. ಬಿಸಿಯಾದ ಟೈರ್‌ನಿಂದ ಹವಾ ಬಿಡಬಾರದು.

ಯಾಕೆಂದರೆ ಕಾರಿನ ಭಾರವನ್ನು ಹೊರುವುದು ಹವಾ. ರಬ್ಬರ್ ಎಂಬುದು ಆ ಹವಾ ತುಂಬಿಟ್ಟ ಚೀಲ ಅಷ್ಟೆ. ಕಾರು ಮತ್ತು ಜನ ಸೇರಿ 1,200 ಕೆ.ಜಿ. ಎಂದರೆ ಒಂದು ಗಾಲಿಯ ಪಾಲಿಗೆ 300 ಕೆ.ಜಿ. 32 ಪಿಎಸ್‌ಐ ಇದ್ದಾಗ ಅಷ್ಟು ಭಾರ ಹೊರಲು ನೆಲಕ್ಕೆ ತಾಗಬೇಕಾದ ಜಾಗ ಸುಮಾರು 135 ಚದರ ಸೆಂಟಿಮೀಟರ್, ಅಂದರೆ ಬೆರಳು ಸೇರಿಸಿಕೊಂಡ ಒಂದು ಅಂಗೈ. ಹವಾ 24ಕ್ಕೆ ಇಳಿದರೆ ಜಾಗ 180ರ ಹತ್ತಿರ ಹೋಗುತ್ತದೆ. ಆ ಹೆಚ್ಚಿನ ಜಾಗ ಎಲ್ಲಿಂದ ಬಂತು? ಟೈರ್‌ನ ಪಕ್ಕೆ ಬಾಗಿ, ಗಾಲಿ ಕೆಳಗೆ ಕೂತದ್ದರಿಂದ. ನೂರು ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ ಹದಿನೈದು ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಆ ಪಕ್ಕೆ ಒಮ್ಮೆ ಬಾಗಿ ಒಮ್ಮೆ ನೇರವಾಗಬೇಕು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವಾಗ ಅದು ಬೆರಳಿಗೆ ಬಿಸಿ ತಾಗುತ್ತದಲ್ಲ, ಇಲ್ಲಿಯೂ ಅದೇ ನಡೆಯುವುದು. ರಬ್ಬರಿಗೂ ಒಳಗಿನ ದಾರಕ್ಕೂ ಇರುವ ಅಂಟು ಆ ಬಿಸಿಗೆ ಬಿಡುತ್ತದೆ. ಟೈರ್ ಒಡೆದಾಗ ಜನ ಬಿಸಿಲನ್ನು ಬೈಯುತ್ತಾರೆ. ಬಿಸಿಲು ಸ್ವಲ್ಪ ಸೇರಿಸಿರಬಹುದು, ಹೆಚ್ಚಿನ ಪಾಪ ಕಡಿಮೆ ಹವಾದ್ದು. ಜಾತ್ರೆಗೆ ಏಳೆಂಟು ಜನ ಒತ್ತಿ ಕೂತು ಹೊರಟ ಕಾರಿನಲ್ಲೂ ನಡೆಯುವುದು ಇದೇ. ಹವಾ ಹೆಚ್ಚಾದರೆ ತೊಂದರೆ ಬೇರೆ ಥರ: ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ, ಬ್ರೇಕ್ ಹಿಡಿದಾಗ ಜಾರುತ್ತದೆ, ಟೈರ್ ನಡುಭಾಗದಲ್ಲಿ ಮಾತ್ರ ಸವೆಯುತ್ತದೆ. ಕಡಿಮೆಯಾದರೆ ಎರಡೂ ಅಂಚು ಸವೆಯುತ್ತವೆ. ಒಂದೇ ಅಂಚು ಸವೆದಿದ್ದರೆ ಹವಾವನ್ನು ಬಿಟ್ಟು ಅಲೈನ್‌ಮೆಂಟ್ ನೋಡಿಸಿ.

ಆದ್ದರಿಂದ ಒಂದು ಗೇಜ್ ಕೊಂಡು ಕಾರಿನಲ್ಲಿಡಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಕಾರು ತೆಗೆಯುವ ಮೊದಲು ನೋಡಿ. ಏನೂ ಆಗದೆಯೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿ ಇಳಿಯುತ್ತದೆ. ನೈಟ್ರೋಜನ್ ಹಾಕಿಸಲೇ ಎಂದು ಮುಂದಿನ ಪತ್ರದಲ್ಲಿ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಪುಕ್ಕಟೆ ಸಿಗುವ ಹವಾದಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ನೇ ಇದೆ.

ಇನ್ನು ಜಾಕ್. ನೀವು ಹ್ಯಾಂಡ್ ಬ್ರೇಕ್ ಎಳೆದಿದ್ದೆ ಎಂದು ಬರೆದಿದ್ದೀರಿ. ಎಳೆದದ್ದು ಸರಿ. ಆದರೆ ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ನೀವು ಎತ್ತಿದ್ದು ಹಿಂದಿನ ಎಡಗಾಲಿ. ಅದು ನೆಲ ಬಿಟ್ಟ ಕ್ಷಣಕ್ಕೆ ಇಡೀ ಕಾರನ್ನು ಹಿಡಿದು ನಿಲ್ಲಿಸಿದ್ದು ಹಿಂದಿನ ಬಲಗಾಲಿ ಒಂದೇ. ಗೇರ್ ನ್ಯೂಟ್ರಲ್‌ನಲ್ಲಿದ್ದಿರಬೇಕು, ಮುಂದಿನ ಗಾಲಿಗಳಿಗೆ ಯಾವ ತಡೆಯೂ ಇರಲಿಲ್ಲ. ಆ ಸ್ಥಿತಿಯಲ್ಲಿ ನೀವು ಪಾನಾ ಹಾಕಿ ಜೋರಾಗಿ ತುಳಿದಿರಿ. ಕಾರು ನಾಲ್ಕು ಬೆರಳು ಸರಿದರೂ ಸಾಕು, ಜಾಕ್ ವಾಲುತ್ತದೆ. ಅದರ ಮೇಲೆ ಕೊಲ್ಹಾರದ ಸುತ್ತಿನದು ಎರೆಮಣ್ಣು. ಬೇಸಿಗೆಯಲ್ಲಿ ಮೇಲೆ ಕಲ್ಲಿನ ಹಾಗೆ ಕಾಣುತ್ತದೆ, ಭಾರ ಬಿದ್ದರೆ ಬಿರುಕಿನ ಅಂಚು ಪುಡಿಯಾಗಿ ಜಾಕ್‌ನ ಪಾದ ಒಂದು ಕಡೆಗೆ ಇಳಿಯುತ್ತದೆ. ಮೂರು ಕಾರಣ ಸೇರಿದವು. ನಿಮ್ಮ ಕೈ ಗಾಲಿಯ ಕೆಳಗೆ ಇರಲಿಲ್ಲವಲ್ಲ, ದೊಡ್ಡದು.

ಮುಂದಿನ ಸಲ ಹೀಗೆ ಮಾಡಿ. ಪಂಕ್ಚರ್ ಎಂದು ತಿಳಿದ ತಕ್ಷಣ ಬ್ರೇಕ್ ಒತ್ತಬೇಡಿ. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ತಾನಾಗಿ ಇಳಿಯಲು ಬಿಡಿ. ನಿಂತ ಜಾಗ ತಿರುವಾಗಿದ್ದರೆ, ಸೇತುವೆಯ ಮೇಲಾಗಿದ್ದರೆ ಅಲ್ಲಿ ಕೆಲಸ ಶುರು ಮಾಡಬೇಡಿ. ನಡೆಯುವ ವೇಗದಲ್ಲಿ ಇನ್ನೂರು ಮುನ್ನೂರು ಮೀಟರ್ ಮುಂದೆ ಹೋಗಿ, ಗಟ್ಟಿಯಾದ ಸಮತಟ್ಟು ಜಾಗ ಹುಡುಕಿ. ಡಾಬಾದ ಅಂಗಳ, ಪೆಟ್ರೋಲ್ ಪಂಪ್ ಸಿಕ್ಕರೆ ಇನ್ನೂ ಒಳ್ಳೆಯದು. ಟೈರ್ ಹಾಳಾಗುತ್ತದೆ, ನಿಜ. ಹಾಳಾಗಲಿ. ಕಬ್ಬಿನ ಹಂಗಾಮಿನಲ್ಲಿ ಈ ರಸ್ತೆಯನ್ನು ರಾತ್ರಿ ನೋಡಿದವರಿಗೆ ನಾನು ಯಾಕೆ ಹೀಗೆ ಹೇಳುತ್ತೇನೆಂದು ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ದೀಪವಿಲ್ಲ, ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಅದನ್ನು ದಾಟಲು ಬರುವ ಲಾರಿಗೆ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ಮನುಷ್ಯ ಕಾಣುವುದೇ ಇಲ್ಲ. ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಕಾರಿನಿಂದ ಐವತ್ತು ಹೆಜ್ಜೆ, ಹೆದ್ದಾರಿಯಾದರೆ ನೂರು ಹೆಜ್ಜೆಗೂ ಹೆಚ್ಚು ಹಿಂದೆ ಇಡಿ. ಮಕ್ಕಳಿದ್ದರೆ ಇಳಿಸಿ, ರಸ್ತೆಯಿಂದ ದೂರ ನಿಲ್ಲಿಸಿ.

ನಂತರ ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ ಮೊದಲನೇ ಗೇರ್‌ಗೆ ಹಾಕಿ. ಆಟೋಮ್ಯಾಟಿಕ್ ಆದರೆ ‘ಪಿ’. ಎತ್ತುವ ಗಾಲಿಗೆ ಮೂಲೆಯೆದುರು ಇರುವ ಗಾಲಿಗೆ ಹಿಂದೆ ಮುಂದೆ ಎರಡು ಕಲ್ಲು ಕೊಡಿ. ನಿಮ್ಮ ಸಂಗತಿಯಲ್ಲಿ ಅದು ಮುಂದಿನ ಬಲಗಾಲಿ. ಜಾಕ್ ಇನ್ನೂ ಡಿಕ್ಕಿಯಲ್ಲೇ ಇರಲಿ. ಗಾಲಿ ನೆಲದ ಮೇಲಿರುವಾಗಲೇ ಎಲ್ಲ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಇದೊಂದು ಕ್ರಮ ನೆನಪಿದ್ದರೆ ನಿಮ್ಮ ಕಾರು ಅಂದು ಬೀಳುತ್ತಿರಲಿಲ್ಲ: ಬಲ ಹಾಕುವ ಕೆಲಸವೆಲ್ಲ ಗಾಲಿ ನೆಲದ ಮೇಲಿದ್ದಾಗ, ಜಾಕ್ ಮೇಲಿದ್ದಾಗ ಬೆರಳಿನ ಕೆಲಸ ಮಾತ್ರ. ಬಾಗಿಲಿನ ಕೆಳಗಿನ ತಗಡಿನ ಅಂಚಿನಲ್ಲಿ, ಗಾಲಿಯ ಹತ್ತಿರ, ಜಾಕ್‌ಗಾಗಿ ಎರಡು ಕಚ್ಚುಗಳಿರುತ್ತವೆ. ಜಾಕ್ ಕೂರಬೇಕಾದದ್ದು ಅವುಗಳ ನಡುವೆ. ಕೆಳಗೆ ಒಂದು ದಪ್ಪ ಹಲಗೆ ಹಾಕಿ. ಒಂದು ಚದರಡಿಯ ಹಲಗೆ ಡಿಕ್ಕಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ? ಫರಸಿ ತುಂಡು ಮಾತ್ರ ಬೇಡ, ಭಾರಕ್ಕೆ ಸದ್ದಿಲ್ಲದೆ ಸೀಳುತ್ತದೆ. ಗಾಲಿ ನೆಲ ಬಿಡುವ ಮೊದಲೇ ಸ್ಟೆಪ್ನಿಯನ್ನು ಕಾರಿನ ಕೆಳಗೆ ಜಾಕ್ ಪಕ್ಕ ಮಲಗಿಸಿಡಿ. ಬಿಚ್ಚಿದ ಗಾಲಿ ಕೈಗೆ ಬಂದ ಮೇಲೆ ಅದನ್ನು ಅಲ್ಲಿಟ್ಟು ಸ್ಟೆಪ್ನಿ ಹೊರಗೆ ತೆಗೆಯಿರಿ. ಜಾಕ್ ಕೈಕೊಟ್ಟರೂ ಕಾರು ಟೈರ್ ಮೇಲೆ ಕೂರುತ್ತದೆ, ಯಾರ ಮೇಲೂ ಅಲ್ಲ. ಕಾರಿನ ಕೆಳಗೆ ತಲೆ, ಕೈ ತೂರಿಸುವ ಮಾತೇ ಬೇಡ.

ಈಗ ನಟ್. ಎತ್ತಿನ ಬಂಡಿಯ ಗಾಲಿ ಜಾರದಂತೆ ಅಚ್ಚಿನ ತುದಿಗೆ ಕಡೆಗೀಲು ಇರುತ್ತದೆ. ಕಾರಿನ ಗಾಲಿಗೆ ಅಂಥ ಕೀಲಿಲ್ಲ. ನಟ್ ಬಿಗಿ ಮಾಡಿದಾಗ ಬೋಲ್ಟ್ ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಮರಳಿ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಗಾಲಿಯ ಡಿಸ್ಕನ್ನು ಹಬ್‌ಗೆ, ಅಂದರೆ ಗಾಲಿ ಕೂರುವ ಅಚ್ಚಿನ ತುದಿಯ ಬಿಲ್ಲೆಗೆ, ಒತ್ತಿ ಹಿಡಿದಿರುತ್ತದೆ. ಕಂಬಾರರು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಬಂಡಿಯ ಗಾಲಿಗೆ ತೊಡಿಸಿ ನೀರು ಹುಯ್ಯುತ್ತಿದ್ದುದನ್ನು ನಿಮ್ಮ ಮಾವನವರು ನೋಡಿರುತ್ತಾರೆ. ಪಟ್ಟಿ ತಣಿದು ಕುಗ್ಗಿ ಕಟ್ಟಿಗೆಯನ್ನು ಅಪ್ಪಿ ಹಿಡಿಯುತ್ತದೆ. ನಮ್ಮ ನಟ್ ಬೋಲ್ಟ್‌ನದೂ ಅದೇ ಜಾತಿಯ ಹಿಡಿತ. ಕಡಿಮೆ ಹಿಗ್ಗಿದರೆ ಗಾಲಿ ಸಡಿಲ. ಮಿತಿ ಮೀರಿ ಹಿಗ್ಗಿದರೆ ಬೋಲ್ಟ್ ಮತ್ತೆ ಕುಗ್ಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಕೊನೆಗೆ ಒಂದು ದಿನ ಮುರಿಯುತ್ತದೆ.

ಸಣ್ಣ ಕಾರುಗಳಿಗೆ ಬೇಕಾದ ಬಿಗಿ ಹೆಚ್ಚಾಗಿ 85ರಿಂದ 110 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ನಿಮ್ಮ ಕಾರಿನ ಖಚಿತ ಅಂಕಿ ಕೈಪಿಡಿಯಲ್ಲಿದೆ. ಕಾರಿನ ಜೊತೆ ಬರುವ ಪಾನಾ ಸುಮಾರು ಕಾಲು ಮೀಟರ್ ಉದ್ದ. ಅದರ ತುದಿಗೆ 40 ಕೆ.ಜಿ. ಭಾರ ಹಾಕಿದರೆ 100 ಆಯಿತು. ಅರವತ್ತು ಕೆ.ಜಿ.ಯ ಹುಡುಗ ಅದರ ಮೇಲೆ ಸುಮ್ಮನೆ ನಿಂತರೇ 150. ಅವನು ಸುಮ್ಮನೆ ನಿಂತಿರುವುದಿಲ್ಲ, ಒಂದೆರಡು ಸಲ ಕುಪ್ಪಳಿಸಿರುತ್ತಾನೆ. ಬಿಚ್ಚುವಾಗ ಕಾಲಿನ ಭಾರ ಕೊಡುವುದನ್ನು ನಾನು ಒಪ್ಪುತ್ತೇನೆ, ಪಾನಾ ಪೂರ್ತಿ ಕೂತಿರಬೇಕು, ನೀವು ಕಾರನ್ನು ಹಿಡಿದುಕೊಂಡಿರಬೇಕು. ಬಿಗಿ ಮಾಡುವಾಗ ಕೂಡದು. ಆ ಹುಡುಗರ ಉಪಕಾರಕ್ಕೆ ನನ್ನ ನಮಸ್ಕಾರ, ಆದರೆ ಈ ವಾರವೇ ಒಳ್ಳೆಯ ಗ್ಯಾರೇಜಿನಲ್ಲಿ ಆ ಗಾಲಿಯನ್ನು ಬಿಚ್ಚಿಸಿ, ಬೋಲ್ಟ್‌ಗಳ ಹಲ್ಲು ಹಿಗ್ಗಿವೆಯೇ ನೋಡಿಸಿ. ನಟ್ ಬೆರಳಿನಲ್ಲಿ ಸಲೀಸಾಗಿ ಕೊನೆಯವರೆಗೆ ಓಡಬೇಕು. ನಡುವೆ ತೊಡರಿದರೆ ಬೋಲ್ಟ್ ಬದಲಿಸಿ, ಅದೇನು ದುಬಾರಿ ವಸ್ತುವಲ್ಲ. ಹಾಕುವಾಗ ಅಂಗಡಿಯವರು ಗಾಳಿ ಗನ್ನಿನಲ್ಲಿ ಗುರ್ರೆಂದು ಬಿಗಿದು ಮುಗಿಸಿದರೆ ಒಪ್ಪಬೇಡಿ. ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲೇ, ಅಂದರೆ ಬಿಗಿಯನ್ನು ಅಳೆದು ತೋರಿಸುವ ಪಾನಾದಲ್ಲೇ, ಆಗಲಿ.

ನೀವೇ ಹಾಕುವಾಗ: ನಟ್‌ನ ಇಳಿಜಾರು ಮುಖ ಡಿಸ್ಕ್ ಕಡೆಗೆ. ಎಲ್ಲವನ್ನೂ ಬೆರಳಿನಲ್ಲಿ ಕೂರಿಸಿ, ಜಾಕ್ ಮೇಲಿರುವಾಗಲೇ ಪಾನಾದಿಂದ ಹಗುರವಾಗಿ ಒಂದು ಸುತ್ತು ಹಿಡಿಸಿ, ಕಾರು ಇಳಿಸಿ, ಆಮೇಲೆ ಪೂರ್ತಿ ಬಿಗಿ. ಅಕ್ಕಪಕ್ಕದ ನಟ್‌ಗಳನ್ನು ಸಾಲಾಗಿ ಬಿಗಿಯಬೇಡಿ, ಒಂದಾದ ಮೇಲೆ ಅದರ ಎದುರಿನದು. ಸಾಲಾಗಿ ಬಿಗಿದರೆ ಡಿಸ್ಕ್ ಒಂದು ಕಡೆ ವಾಲಿ ಕೂರುತ್ತದೆ. ಬೋಲ್ಟ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಎಣ್ಣೆ ಹಚ್ಚಿದರೆ ಅದೇ ಬಲಕ್ಕೆ ನಟ್ ಹೆಚ್ಚು ತಿರುಗುತ್ತದೆ, ಬೋಲ್ಟ್ ಹೆಚ್ಚು ಹಿಗ್ಗುತ್ತದೆ. ಹಬ್ ಮೇಲೆ ಮಣ್ಣು, ತುಕ್ಕು ಇದ್ದರೆ ಬಟ್ಟೆಯಲ್ಲಿ ಒರೆಸಿ. ಐವತ್ತರಿಂದ ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಲೇಬೇಕು. ನಾನು ಅಂಗಡಿ ತೆರೆದ ಹೊಸದರಲ್ಲಿ ಒಬ್ಬರ ಗಾಲಿ ಹಾಕಿ, ಅಷ್ಟರಲ್ಲಿ ಚಹಾ ಬಂತೆಂದು ಎದ್ದು, ಎರಡು ನಟ್ ಬೆರಳಿನ ಬಿಗಿಯಲ್ಲೇ ಬಿಟ್ಟು ಕಳಿಸಿದ್ದೆ. ಗದ್ದನಕೇರಿ ಕ್ರಾಸ್ ಮುಟ್ಟುವಷ್ಟರಲ್ಲಿ ಗಾಲಿ ಟಕಟಕ ಎನ್ನುತ್ತಿದೆ ಎಂದು ಅವರು ತಿರುಗಿ ಬಂದರು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಅಂದಿನಿಂದ ಕೊನೆಯ ನಟ್ ಮುಗಿಯುವವರೆಗೆ ನಾನು ಏಳುವುದಿಲ್ಲ.

ನಿಮ್ಮ ಮೂರನೆಯ ಪ್ರಶ್ನೆ. ಗೀರುಗಳ ಆಳ 1.6 ಮಿ.ಮೀ.ಗೆ ಇಳಿದರೆ ಟೈರ್‌ನ ಕಾಲ ಮುಗಿಯಿತು. ಗೀರಿನ ತಳದಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ಮೇಲ್ಮೈ ಸವೆದು ಅವುಗಳಿಗೆ ಸಮವಾದರೆ ಅದೇ ಗುರುತು. ನಿಮ್ಮವು ಅಲ್ಲಿಗೆ ಬಂದಿಲ್ಲ ಎನ್ನುತ್ತೀರಿ, ನಂಬುತ್ತೇನೆ. ಆದರೆ ರಬ್ಬರ್ ಓಡಿದರೂ ಮುಪ್ಪಾಗುತ್ತದೆ, ನಿಂತರೂ ಮುಪ್ಪಾಗುತ್ತದೆ. ಟೈರ್‌ನ ಪಕ್ಕೆಯಲ್ಲಿ ಒಂದು ಉದ್ದನೆಯ ಚೌಕದೊಳಗೆ ನಾಲ್ಕು ಅಂಕಿಗಳಿವೆ. 2318 ಎಂದಿದ್ದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಒಳಪಕ್ಕೆಯಲ್ಲಿ ಹುಡುಕಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಿಚ್ಚಿ ಪರೀಕ್ಷಿಸಬೇಕು, ಹತ್ತು ವರ್ಷ ದಾಟಿದ್ದನ್ನು ಹೇಗಿದ್ದರೂ ಬಳಸಬಾರದು ಎಂಬುದು ಟೈರ್ ತಯಾರಕರ ಮಾತು. 40 ಡಿಗ್ರಿ ದಾಟುವ ನಮ್ಮ ಬೇಸಿಗೆ ನೋಡಿದ ಮೇಲೆ ನಾನು ಹತ್ತರವರೆಗೆ ಕಾಯಿ ಎನ್ನುವುದಿಲ್ಲ. ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೇಸಿಗೆಯ ಎರೆಹೊಲದಂತೆ ಸಣ್ಣ ಬಿರುಕು ಬಿಟ್ಟಿದ್ದರೆ ಇವತ್ತೇ ಬದಲಿಸಿ. ಬಿರುಕಿಲ್ಲದಿದ್ದರೂ ಬರುವ ಬೇಸಿಗೆಯೊಳಗೆ ನಾಲ್ಕನ್ನೂ ಬದಲಿಸಿಬಿಡಿ. ನಿಮ್ಮದು ಒಂಟಿ ಓಡಾಟ, ಹೆದ್ದಾರಿಯ ವೇಗ. ಇದು ದಂಡವಲ್ಲ.

ಪಂಕ್ಚರ್ ಆದ ಆ ಟೈರನ್ನು ದುರಸ್ತಿ ಮಾಡಿಸಿ ಮತ್ತೆ ಹಾಕಿದ್ದೀರಾ? ಹಾಗಿದ್ದರೆ ಅದನ್ನು ರಿಮ್ಮಿನಿಂದ ಬಿಚ್ಚಿಸಿ ಒಳಗೆ ನೋಡಿಸಿ. ಕಪ್ಪು ರಬ್ಬರ್ ಪುಡಿ ಉದುರಿದ್ದರೆ, ಹವಾ ಇಲ್ಲದೆ ಓಡಿ ಪಕ್ಕೆ ಒಳಗಿನಿಂದ ಸವೆದಿದೆ ಎಂದರ್ಥ. ಹೊರಗಿನಿಂದ ಹೊಸದರಂತೆ ಕಂಡರೂ ಅದು ಕೆಲಸಕ್ಕೆ ಬಾರದು. ನೆಲಕ್ಕೆ ತಾಗುವ ಭಾಗದಲ್ಲಿ 6 ಮಿ.ಮೀ.ವರೆಗಿನ ತೂತನ್ನು ಮುಚ್ಚಬಹುದು, ಭುಜ (ಪಕ್ಕೆಯ ಕಡೆಗೆ ತಿರುಗುವ ಅಂಚು) ಮತ್ತು ಪಕ್ಕೆಯದನ್ನು ಯಾರು ಎಷ್ಟು ಚೆನ್ನಾಗಿ ಮುಚ್ಚಿಕೊಡುತ್ತೇನೆಂದರೂ ಬೇಡ. ಅದು ಬಾಗುವ ಜಾಗ, ತೇಪೆ ನಿಲ್ಲುವುದಿಲ್ಲ. ಇನ್ನೊಂದು ಮಾತು: ಟ್ಯೂಬ್‌ಲೆಸ್ ಟೈರ್‌ನಲ್ಲಿ ಜಾಲಿಮುಳ್ಳೋ ಮೊಳೆಯೋ ಕಂಡರೆ ದಾರಿಯಲ್ಲಿ ಕೀಳಬೇಡಿ. ಚುಚ್ಚಿದ್ದೇ ಬಿರಡೆಯಾಗಿ ಹವಾ ತಡೆದಿರುತ್ತದೆ. ಹವಾ ಹಿಡಿಸಿಕೊಂಡು ಮೆಲ್ಲಗೆ ಅಂಗಡಿಯವರೆಗೆ ಬನ್ನಿ.

ಎರಡೇ ಟೈರ್ ಹೊಸದು ಹಾಕುವಷ್ಟು ಹಣ ಕೈಯಲ್ಲಿದ್ದರೆ ಹೊಸ ಜೋಡಿ ಹಿಂದಕ್ಕೆ ಹೋಗಲಿ. ಎಳೆಯುವುದು ಮುಂದಿನ ಗಾಲಿ, ಹಾಗಾಗಿ ಹೊಸದು ಮುಂದೆ ಎಂದು ವಾದಿಸುವವರು ನಿಮಗೆ ಸಿಗುತ್ತಾರೆ. ಮಳೆಯಲ್ಲಿ ಮುಂದಿನ ಗಾಲಿ ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿದರೆ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ, ಆಗ ನಾನು ಕೂತಿದ್ದರೂ ಏನೂ ಮಾಡಲಾರೆ. ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಬದಲಾಯಿಸುತ್ತ ಹೋದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ. ಆಗ ಈ ವಾದವೇ ಬರುವುದಿಲ್ಲ.

ಸ್ಟೆಪ್ನಿ ಮರೆಯಬೇಡಿ. ಕಾರುಗಳಿಗೆ ಹೆಚ್ಚುವರಿ ಗಾಲಿಯೇ ಇರದಿದ್ದ ಕಾಲದಲ್ಲಿ, 1904ರಲ್ಲಿ, ವೇಲ್ಸ್‌ನ ಲ್ಯಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಅದನ್ನು ಮಾರಲು ಶುರು ಮಾಡಿದರು. ಬೀದಿಯ ಹೆಸರು ಕೊಲ್ಹಾರದವರೆಗೆ ಬಂತು, ಆದರೆ ಅದಕ್ಕೆ ಹವಾ ಹಾಕಿಸಬೇಕೆಂಬ ನೆನಪು ಬರಲಿಲ್ಲ. ನನ್ನಲ್ಲಿಗೆ ಬರುವ ಸ್ಟೆಪ್ನಿಗಳಲ್ಲಿ 15 ಪಿಎಸ್‌ಐ ಇದ್ದರೆ ಹೆಚ್ಚು. ನಿಮ್ಮದು ಉಳಿದವಕ್ಕಿಂತ ಕಿರಿದಾಗಿದ್ದರೆ ಅದರ ಮೇಲೆ 80 ಎಂದು ಬರೆದಿರುತ್ತದೆ, ಅದು ವೇಗದ ಮಿತಿ. ಹಾಕಿಕೊಂಡು ಅಂಗಡಿಯವರೆಗೆ ಹೋಗಬೇಕಷ್ಟೆ, ವಾರಗಟ್ಟಲೆ ಓಡಿಸುವುದಕ್ಕಲ್ಲ. 2020ರ ನಿಯಮ ತಿದ್ದುಪಡಿಯ ನಂತರ, ಹವಾ ತೋರಿಸುವ ಸೆನ್ಸರ್ ಮತ್ತು ದುರಸ್ತಿ ಕಿಟ್ ಇರುವ ಟ್ಯೂಬ್‌ಲೆಸ್ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಮುಂದೆ ಹೊಸ ಕಾರು ಕೊಳ್ಳುವಾಗ ಡಿಕ್ಕಿ ಎತ್ತಿ ನೋಡಿಯೇ ಮುಂಗಡ ಕೊಡಿ. ಪಕ್ಕೆ ಹರಿದರೆ ಯಾವ ಕಿಟ್ಟೂ ಉಪಯೋಗಕ್ಕೆ ಬಾರದು.

ಒಂದು ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ಮನೆಯ ಅಂಗಳದಲ್ಲೇ ಒಂದು ಗಾಲಿ ಬಿಚ್ಚಿ ಹಾಕಿ ನೋಡಿ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯುತ್ತದೆ, ಮೂರನೆಯ ಸಲಕ್ಕೆ ಇಪ್ಪತ್ತು ನಿಮಿಷ. ಮಾವನವರನ್ನು ಕುರ್ಚಿ ಹಾಕಿ ಕೂರಿಸಿ, ಗೇಜನ್ನು ಅವರ ಕೈಗೇ ಕೊಡಿ. ಬೆಳಗಿನ ಅಂಕಿಯನ್ನು ಅವರೇ ಬರೆದಿಡಲಿ, ಮಧ್ಯಾಹ್ನ ಒಂದು ಸುತ್ತು ಹೋಗಿ ಬಂದ ಮೇಲಿನ ಅಂಕಿಯನ್ನೂ ಅವರೇ ನೋಡಲಿ.